ನಡುಮನೆಯ ಚಿತ್ರದ ಇಬ್ಬರು ಹುಡುಗರು

ಪ್ರಶ್ನೆ: ಲಂಡನ್ನಿನಿಂದ ನನ್ನ ಮೈದುನ ತಂದ ಮುದ್ರಿತ ಚಿತ್ರವೊಂದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ. ಕೆಂಪು ಕೋಟಿನ ಸ್ಥೂಲಕಾಯದ ಸಾಹೇಬರೊಬ್ಬರು ಬಿಳಿ ಅಂಗಿಯ ಇಬ್ಬರು ಹುಡುಗರನ್ನು ಕೈಹಿಡಿದು ಬರಮಾಡಿಕೊಳ್ಳುತ್ತಿದ್ದಾರೆ. ಟಿಪ್ಪುವಿನ ಮಕ್ಕಳು ಇಂಗ್ಲಿಷ್ ಶಾಲೆಗೆ ಸೇರಿದ ಸಂದರ್ಭ ಎನ್ನುತ್ತಾರೆ ನಮ್ಮ ಮಾವನವರು. ನಿಜವೇ? ಅಂಚಿನಲ್ಲಿ ಕಂಕುಳಲ್ಲಿ ಕಡತ ಹಿಡಿದವನು ಯಾರು? ಚಿತ್ರದ ಫೋಟೊ ಕಳಿಸಿದ್ದೇನೆ.
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಮಾವನವರು ಬೇಸರಿಸಬಾರದು. ಮಕ್ಕಳು ಟಿಪ್ಪುವಿನವರೇ, ಆದರೆ ಶಾಲೆಗೆ ಸೇರಲು ಬಂದವರಲ್ಲ, ಒತ್ತೆಯಾಳುಗಳಾಗಿ ಬಂದವರು. ಚಿಕ್ಕಬಳ್ಳಾಪುರದ ನನ್ನ ಮನೆಯ ಮಾಳಿಗೆಯಿಂದ ಕಾಣುವ ನಂದಿಬೆಟ್ಟದ ಕೋಟೆಯನ್ನು ಚಿತ್ರದ ಕೆಂಪು ಕೋಟಿನ ಸಾಹೇಬ, ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿದದ್ದು 1791ರ ಅಕ್ಟೋಬರಿನಲ್ಲಿ. ನಾಲ್ಕು ತಿಂಗಳು ಕಳೆದು, 1792ರ ಫೆಬ್ರವರಿ 26ರಂದು, ಶ್ರೀರಂಗಪಟ್ಟಣದ ಹೊರಗಿನ ಬಿಡಾರದಲ್ಲಿ ಈ ಒಪ್ಪಿಸುವಿಕೆ ನಡೆಯಿತು. ಯುದ್ಧದಲ್ಲಿ ಸೋತ ಟಿಪ್ಪು ಕೊಡಬೇಕಾದದ್ದು ಅರ್ಧ ರಾಜ್ಯದ ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದರಲ್ಲಿ ಅರ್ಧ ತಕ್ಷಣ, ಉಳಿದದ್ದು ಮೂರು ಕಂತುಗಳಲ್ಲಿ. ಬಾಕಿ ತೀರುವವರೆಗೆ ಅಡವಿಟ್ಟದ್ದು ಈ ಮಕ್ಕಳನ್ನು: ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕ್, ಎಂಟು ವರ್ಷದ ಮುಯಿಜುದ್ದೀನ್.

ಕಡತದವನೇ ಚಿತ್ರಕಾರ, ರಾಬರ್ಟ್ ಹೋಮ್. ಕಾರ್ನ್‌ವಾಲಿಸ್‌ನ ದಂಡಿನ ಜೊತೆ ಬಂದಿದ್ದವನು, ತನ್ನನ್ನೂ ಒಂದು ಮೂಲೆಯಲ್ಲಿ ಸೇರಿಸಿಕೊಂಡಿದ್ದಾನೆ. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನಗೆ ಈ ಸಣ್ಣ ಆಸೆ ಅರ್ಥವಾಗುತ್ತದೆ. ಇದೇ ಘಟನೆಯನ್ನು ಮಾದರ್ ಬ್ರೌನ್ ಎಂಬಾತ ಇಂಡಿಯಾವನ್ನು ಕಣ್ಣಿನಲ್ಲಿ ನೋಡದೆ ಲಂಡನ್ನಿನಲ್ಲೇ ಕುಳಿತು ಬರೆದ.

ಈಗ ಕೈಗಳನ್ನು ನೋಡಿ. ಚಿತ್ರದ ಜಾಣತನವೆಲ್ಲ ಅಲ್ಲಿದೆ. ದಂಡ ವಸೂಲಿ ಮಾಡುವ ಸೇನಾಪತಿ ಮೊಮ್ಮಕ್ಕಳನ್ನು ಎದುರುಗೊಳ್ಳುವ ತಾತನಂತೆ ಕಾಣಬೇಕು, ಅಷ್ಟೇ. ಅದಕ್ಕೆ ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು ಶರಣಾದವನು ಇದೇ ಕಾರ್ನ್‌ವಾಲಿಸ್. ಇಂಥ ಚಿತ್ರ ಅವನಿಗೂ ಅವನ ದೇಶಕ್ಕೂ ಬೇಕಾಗಿತ್ತು. ಇವರು ಇಂದು ಬೆಳಗಿನವರೆಗೆ ನನ್ನ ಒಡೆಯ ಸುಲ್ತಾನರ ಮಕ್ಕಳು, ಇನ್ನು ತಮ್ಮನ್ನೇ ತಂದೆಯೆಂದು ಕಾಣಬೇಕು ಎಂಬ ಅರ್ಥದಲ್ಲಿ ಟಿಪ್ಪುವಿನ ವಕೀಲ, ಎಂದರೆ ರಾಯಭಾರಿ, ಗುಲಾಮ್ ಅಲಿ ಹೇಳಿದನೆಂದು ಆ ದಂಡಿನ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ಹುಡುಗರಿಗೆ ಒಂದೊಂದು ಚಿನ್ನದ ಗಡಿಯಾರ ಸಿಕ್ಕಿತು. ಅಪ್ಪನನ್ನು ಬಿಟ್ಟು ಬಂದ ಎಂಟು ವರ್ಷದವನಿಗೆ ಗಡಿಯಾರ!

ಚಿತ್ರದಲ್ಲಿ ಇಲ್ಲದವರೂ ಇದ್ದಾರೆ. ದಂಡದ ಹಣವೆಲ್ಲ ಬೊಕ್ಕಸದಿಂದ ಬರಲಿಲ್ಲ. ಅಧಿಕಾರಿಗಳ ಮೇಲೆ, ರೈತರ ಮೇಲೆ ಹೊರೆ ಬಿತ್ತು. ಹೊಲ ಮಾರಿದವನನ್ನು ಯಾವ ಹೋಮ್ ಬರೆಯುತ್ತಾನೆ?

ಮಕ್ಕಳನ್ನು ಮದ್ರಾಸಿಗೆ ಒಯ್ದರು. ತಂದೆಗೆ ಮರಳಿ ಒಪ್ಪಿಸಿದ್ದು 1794ರಲ್ಲಿ, ನೀವು ಬೆಂಗಳೂರಿಗೆ ಹೋಗುವಾಗ ದಾಟುವ ದೇವನಹಳ್ಳಿಯಲ್ಲಿ. ಟಿಪ್ಪು ಹುಟ್ಟಿದ ಊರೂ ಅದೇ. ಆ ಭೇಟಿಯ ಚಿತ್ರವನ್ನು ನಾನೆಲ್ಲೂ ನೋಡಿಲ್ಲ.

ನಿಮ್ಮ ಫೋಟೊದಲ್ಲಿ ಚಿತ್ರದ ಮೇಲೆ ಸಂಜೆಯ ಬಿಸಿಲು ಬಿದ್ದಿದೆ. ಎದುರಿನ ಗೋಡೆಗೆ ಬದಲಾಯಿಸಿ. ಇಲ್ಲವಾದರೆ ಸಾಹೇಬರ ಕೋಟಿನ ಕೆಂಪು ನಾಲ್ಕೈದು ವರ್ಷಗಳಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ.