ಕರುವಿನ ಭೇದಿ ಮನೆಯ ಮಗುವಿಗೂ ಅಂಟುತ್ತದೆಯೇ?

ಸೋಮವಾರಪೇಟೆ ಕಡೆಯ ನಿಮ್ಮ ತೋಟದಲ್ಲಿ ಎರಡು ವಾರದ ಕರು ನೀರಿನಂತೆ ಹಳದಿ ಭೇದಿ ಮಾಡುತ್ತಿದೆ, ಅದಕ್ಕೆ ಹಾಲು ಕುಡಿಸುತ್ತಿದ್ದ ಆರು ವರ್ಷದ ಮಗಳಿಗೂ ನಾಲ್ಕು ದಿನದಿಂದ ಹೊಟ್ಟೆ ಕೆಟ್ಟಿದೆ, ಕರುವಿಗೆ ಜಂತುಹುಳುವಿನ ಔಷಧಿ ಕುಡಿಸಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಕೊಡಗಿನಲ್ಲಿ ಪಶುವೈದ್ಯನಾಗಿರುವ ನನಗೆ ಈ ಎರಡಕ್ಕೂ ಸಂಬಂಧವಿದೆ ಎಂಬ ಬಲವಾದ ಅನುಮಾನವಿದೆ. ಹಾಗಿದ್ದರೆ ನೀವು ಹೇಳಿದ ಎರಡೂ ಕೆಲಸಗಳಿಂದ ಪ್ರಯೋಜನವಾಗದು.

ಒಂದರಿಂದ ಮೂರು ವಾರದ ಕರುಗಳ ಭೇದಿಗೆ ರೋಟಾ ವೈರಸ್‌ನಷ್ಟೇ ಸಾಮಾನ್ಯವಾದ ಕಾರಣ ಕ್ರಿಪ್ಟೋಸ್ಪೊರಿಡಿಯಂ ಪಾರ್ವಂ ಎಂಬ ಏಕಕೋಶ ಪರಾವಲಂಬಿ. ಅದು ಹುಳುವಲ್ಲವಾದ್ದರಿಂದ ಹುಳುವಿನ ಔಷಧಿಗೆ ಜಗ್ಗುವುದಿಲ್ಲ. ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೂ ಸಾಯುವುದಿಲ್ಲ. ಸಗಣಿಯೊಡನೆ ಹೊರಬೀಳುವ ಅದರ ಊಸಿಸ್ಟ್, ಅಂದರೆ ಸುಮಾರು 5 ಮೈಕ್ರಾನ್ ಗಾತ್ರದ ಗಟ್ಟಿ ಕವಚದ ಕಣ, ಹೊರಬಿದ್ದ ಕ್ಷಣದಿಂದಲೇ ಸೋಂಕು ತರಬಲ್ಲದು, ಮತ್ತು ಅಂತಹ ಕೆಲವೇ ಕಣಗಳು ಬಾಯಿಗೆ ಹೋದರೂ ಸಾಕು. ಬೆರಳು ಚೀಪಿಸುತ್ತಾ ಕರುವನ್ನು ಬಕೆಟ್ಟಿನ ಹಾಲಿಗೆ ಬಾಯಿ ಹಚ್ಚಿಸುವ ಮಗು ಅದೇ ಕೈಯಲ್ಲಿ ರೊಟ್ಟಿ ತಿಂದರೆ ದಾರಿ ಸಿಕ್ಕಿದಂತೆಯೇ.

ಬ್ಲೀಚಿಂಗ್ ಪುಡಿಯಲ್ಲಿರುವ ಕ್ಲೋರಿನ್‌ಗೆ ಈ ಕವಚ ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಿಸಿದ ನಲ್ಲಿ ನೀರಿನ ಮೂಲಕವೇ ಸುಮಾರು 4 ಲಕ್ಷ ಜನ ಇದರಿಂದ ಕಾಯಿಲೆ ಬಿದ್ದರು. ಕುಡಿಯುವ ನೀರನ್ನು ಕುದಿಸುವುದೇ ಖಾತ್ರಿಯಾದ ಉಪಾಯ. ಮಳೆಗಾಲದಲ್ಲಿ ಗೊಬ್ಬರದ ಗುಂಡಿಯ ನೀರು ಬಾವಿಯತ್ತ ಹರಿಯುತ್ತಿದ್ದರೆ ಅದನ್ನು ಮೊದಲು ತಿರುಗಿಸಿ. ಕೈಗೆ ಸ್ಯಾನಿಟೈಸರ್ ಸಾಲದು, ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಪೂರ್ತಿ ಒಣಗಿದರೆ ಈ ಕಣಗಳು ಸಾಯುತ್ತವೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೊಟ್ಟಿಗೆಗಳ ನೆಲ ಒಣಗುವುದೇ ಅಪರೂಪ. ಆದ್ದರಿಂದ ಸಗಣಿ, ಹಾಸಿದ ಹುಲ್ಲು ಎಲ್ಲವನ್ನೂ ತೆಗೆದು ನೆಲಕ್ಕೆ ಕುದಿಯುವ ನೀರು ಸುರಿಯಿರಿ, ಕಾಯಿಲೆಯ ಕರುವನ್ನು ಬೇರೆ ಕಟ್ಟಿ.

ಕರುವನ್ನು ಕೊಲ್ಲುವುದು ಹೆಚ್ಚಾಗಿ ನಿರ್ಜಲೀಕರಣ. ಭೇದಿ ನಿಲ್ಲಲೆಂದು ಹಾಲು ನಿಲ್ಲಿಸುವ ನಮ್ಮ ಕಡೆಯ ರೂಢಿಯನ್ನು ದಯವಿಟ್ಟು ಬಿಡಿ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ನಡುನಡುವೆ ಕರುಗಳಿಗೆಂದೇ ಇರುವ ಲವಣದ ದ್ರಾವಣ ಕೊಡಿ. ಕುತ್ತಿಗೆಯ ಚರ್ಮ ಎಳೆದು ಬಿಟ್ಟಾಗ ಮಡಿಕೆ ಹಾಗೆಯೇ ನಿಂತರೆ, ಕಣ್ಣು ಗುಳಿಬಿದ್ದಿದ್ದರೆ, ಬೆರಳಿಟ್ಟರೂ ಚೀಪದಿದ್ದರೆ, ಅದೇ ದಿನ ವೈದ್ಯರನ್ನು ಕರೆಸಿ ಡ್ರಿಪ್ ಹಾಕಿಸಬೇಕಾಗುತ್ತದೆ.

ಆರೋಗ್ಯವಂತ ಮಕ್ಕಳು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಗುಣವಾಗುತ್ತಾರೆ. ಆದರೂ ನಾಲ್ಕು ದಿನವಾಗಿರುವುದರಿಂದ ಮಗಳಿಗೆ ಓಆರ್‌ಎಸ್ ಕೊಡುತ್ತಾ ಇಂದೇ ವೈದ್ಯರಿಗೆ ತೋರಿಸಿ, ಕರುವಿನ ವಿಷಯವನ್ನು ತಪ್ಪದೆ ಹೇಳಿ. ಏಕೆಂದರೆ ಮಾಮೂಲಿ ಮಲ ಪರೀಕ್ಷೆಯಲ್ಲಿ ಇದು ಕಣ್ತಪ್ಪಿ ಹೋಗುತ್ತದೆ, ಆ್ಯಸಿಡ್ ಫಾಸ್ಟ್ ಬಣ್ಣ ಹಾಕಿ ನೋಡಲು ಕೇಳಿಕೊಳ್ಳಬೇಕು. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅಥವಾ ಎಚ್‌ಐವಿ ಸೋಂಕಿತರು ಇದ್ದರೆ, ಅವರಿಗೆ ಇದು ಪ್ರಾಣಾಪಾಯ ತರಬಹುದಾದ್ದರಿಂದ, ಕೊಟ್ಟಿಗೆಯ ಕೆಲಸದಿಂದ ಅವರನ್ನು ಸಂಪೂರ್ಣವಾಗಿ ದೂರವಿಡಿ.