ಹಳೇ ಆಟ, ಹೊಸ ಲ್ಯಾಪ್‌ಟಾಪ್: ಲ್ಯಾನ್‌ನಲ್ಲಿ ಒಬ್ಬರಿಗೊಬ್ಬರು ಕಾಣದಿದ್ದರೆ ಏನು ಮಾಡಬೇಕು?

ರಜೆ ಬಂತೆಂದರೆ ಹಳೇ ಆಟಗಳ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಆಡಿದವರಿಗೆ ಈಗ ಮನೆಯಲ್ಲೇ ನಾಲ್ಕು ಲ್ಯಾಪ್‌ಟಾಪ್ ಇದ್ದರೂ ಲ್ಯಾನ್‌ನಲ್ಲಿ, ಅಂದರೆ ಮನೆಯೊಳಗಿನ ನೆಟ್‌ವರ್ಕಿನಲ್ಲಿ, ಒಟ್ಟಿಗೆ ಆಡಲಾಗುತ್ತಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಲ ಆಟ ಕೆಟ್ಟಿರುವುದಿಲ್ಲ. ಅದು ಕಳಿಸಿದ ಸಂದೇಶ ಬೇರೆಲ್ಲೋ ಹೋಗಿರುತ್ತದೆ, ಇಲ್ಲವೇ ಆಟ ನಂಬಿಕೊಂಡಿದ್ದ ಯಾವುದೋ ಭಾಗವನ್ನು ವಿಂಡೋಸ್ ತೆಗೆದುಹಾಕಿರುತ್ತದೆ. ಇವೆರಡರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ (ದಾವಣಗೆರೆ): ದೀಪಾವಳಿಗೆ ಅಣ್ಣತಮ್ಮಂದಿರು ನಾಲ್ಕು ಜನ ಸೇರುತ್ತೇವೆ. ಏಜ್ ಆಫ್ ಎಂಪೈರ್ಸ್ 2, ಹಳೇ ಆವೃತ್ತಿ, ಅದರ ವಿಸ್ತರಣೆ ಕಾಂಕರರ್ಸ್ ಸಮೇತ ಇದೆ. ಎಲ್ಲರದ್ದೂ ವಿಂಡೋಸ್ 11, ಒಂದೇ ವೈಫೈ. ಒಬ್ಬ ಹೋಸ್ಟ್ ಮಾಡಿದರೆ (ಆಟ ತೆರೆದು ಉಳಿದವರನ್ನು ಕರೆದರೆ) ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಆಟ ಕಾಣುತ್ತದೆ, ಉಳಿದ ಎರಡರಲ್ಲಿ ಪಟ್ಟಿ ಖಾಲಿ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಪೂರ್ತಿ ಆಫ್ ಮಾಡಿಬಿಡಲೇ?

ಉತ್ತರ: ಬೇಡ. ಆಫ್ ಮಾಡಿದರೂ ಕೆಲಸ ಆಗದೇ ಇರಬಹುದು, ಆಮೇಲೆ ಆನ್ ಮಾಡಲು ಮರೆತು ಹಾಗೇ ಬಿಡುತ್ತೀರಿ. ಒಂದರಲ್ಲಿ ಕಾಣುತ್ತಿದೆ ಎಂದರೆ ಹೋಸ್ಟ್ ಮಾಡಿದ ಕಂಪ್ಯೂಟರ್ ಸರಿಯಾಗಿದೆ. ತೊಂದರೆ ಇರುವುದು ಕಾಣದ ಎರಡರಲ್ಲಿ.

ಆ ಕಾಲದ ಆಟಗಳು ಲ್ಯಾನ್‌ನಲ್ಲಿ ಜೊತೆಗಾರರನ್ನು ಹುಡುಕುತ್ತಿದ್ದದ್ದು ಬ್ರಾಡ್‌ಕಾಸ್ಟ್ ಮೂಲಕ. ಊರಲ್ಲಿ ಡಂಗುರ ಸಾರಿದ ಹಾಗೆ, "ಇಲ್ಲಿ ಯಾರಾದರೂ ಆಟ ಹೋಸ್ಟ್ ಮಾಡಿದ್ದೀರಾ?" ಅಂತ ಎಲ್ಲರಿಗೂ ಒಂದೇ ಸಲ ಕೂಗುವುದು. ಆ ಕೂಗು ಹೋಗುವ ವಿಳಾಸ 255.255.255.255. 1999ರಲ್ಲಿ ಒಂದು ಕಂಪ್ಯೂಟರಿಗೆ ಒಂದೇ ನೆಟ್‌ವರ್ಕ್ ಕಾರ್ಡ್ ಇರುತ್ತಿತ್ತು, ಹಾಗಾಗಿ ಯಾವ ಕಡೆ ಕೂಗಬೇಕು ಅನ್ನುವ ಪ್ರಶ್ನೆಯೇ ಇರಲಿಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ವೈಫೈ, ಈಥರ್ನೆಟ್, ಬ್ಲೂಟೂತ್, ಆಫೀಸಿನ ವಿಪಿಎನ್, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಅಥವಾ ಹೈಪರ್-ವಿ ಹಾಕಿಟ್ಟ ನಕಲಿ ಅಡಾಪ್ಟರ್ (ನೆಟ್‌ವರ್ಕ್ ಕಾರ್ಡ್), ಹೀಗೆ ಏನೇನೋ ಇರುತ್ತವೆ. ವಿಂಡೋಸ್ ಆ ಕೂಗನ್ನು ಇವುಗಳಲ್ಲಿ ಯಾವುದಕ್ಕೆ ಮೆಟ್ರಿಕ್ ಸಂಖ್ಯೆ (ಯಾವುದಕ್ಕೆ ಮೊದಲ ಆದ್ಯತೆ ಅಂತ ಹೇಳುವ ಅಂಕಿ) ಕಡಿಮೆಯೋ ಅದರಿಂದ ಮಾತ್ರ ಹೊರಗೆ ಕಳಿಸುತ್ತದೆ. ಅದು ವರ್ಚುವಲ್‌ಬಾಕ್ಸಿನದ್ದಾದರೆ ನಿಮ್ಮ ಕೂಗು ನಿಮ್ಮ ಕಂಪ್ಯೂಟರಿನೊಳಗೇ ಸುತ್ತುತ್ತದೆ. ವೈಫೈ ಸರಿಯಾಗಿರುತ್ತದೆ, ಇಂಟರ್ನೆಟ್ ಓಡುತ್ತದೆ, ಆಟ ಮಾತ್ರ ಕಾಣಲ್ಲ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ.ಸಿಪಿಎಲ್ (ncpa.cpl) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅಡಾಪ್ಟರುಗಳೆಲ್ಲ ಒಂದೇ ಕಡೆ ಕಾಣುತ್ತವೆ. ನೀವು ಬಳಸುತ್ತಿರುವುದನ್ನು ಬಿಟ್ಟು ಉಳಿದವನ್ನು ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿ, ಆಟ ಮುಚ್ಚಿ ಮತ್ತೆ ತೆರೆಯಿರಿ. ಬಹಳ ಜನರಿಗೆ ಇಷ್ಟರಲ್ಲೇ ಸರಿಹೋಗುತ್ತದೆ. ಆಫೀಸಿನ ಲ್ಯಾಪ್‌ಟಾಪ್, ಏನನ್ನೂ ಆಫ್ ಮಾಡುವ ಹಾಗಿಲ್ಲ ಅನ್ನುವವರು ವೈಫೈ ಅಡಾಪ್ಟರಿನ ಪ್ರಾಪರ್ಟೀಸ್‌ಗೆ ಹೋಗಿ, ಐಪಿವಿ4, ಅಡ್ವಾನ್ಸ್ಡ್ ಒತ್ತಿ, ಆಟೊಮ್ಯಾಟಿಕ್ ಮೆಟ್ರಿಕ್ ಟಿಕ್ ತೆಗೆದು 1 ಅಂತ ಕೊಡಿ. ಆಗ ಕೂಗು ಮೊದಲು ವೈಫೈ ಕಡೆಗೇ ಹೋಗುತ್ತದೆ.

ಎರಡನೆಯದು ಡೈರೆಕ್ಟ್‌ಪ್ಲೇ. ಏಜ್ ಆಫ್ ಎಂಪೈರ್ಸ್ ನೆಟ್‌ವರ್ಕಿಗೆ ನಂಬಿರುವುದು ಮೈಕ್ರೋಸಾಫ್ಟಿನ ಈ ಹಳೇ ಭಾಗವನ್ನು. ವಿಂಡೋಸ್ 8ರಿಂದ ಈಚೆಗೆ ಇದು ಒಳಗೆ ಇದ್ದರೂ ನಾವಾಗಿ ಆನ್ ಮಾಡುವವರೆಗೆ ಕೆಲಸ ಮಾಡಲ್ಲ. ಸ್ಟಾರ್ಟ್ ಮೆನುವಿನಲ್ಲಿ ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ಎಂದು ಹುಡುಕಿ, ಲೆಗಸಿ ಕಾಂಪೊನೆಂಟ್ಸ್ ಬಿಚ್ಚಿ, ಡೈರೆಕ್ಟ್‌ಪ್ಲೇಗೆ ಟಿಕ್ ಹಾಕಿ. ನಾಲ್ಕೂ ಲ್ಯಾಪ್‌ಟಾಪಿನಲ್ಲಿ ಮಾಡಿ.

ಈಗ ಫೈರ್‌ವಾಲ್. ಇಲ್ಲಿ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಡೈರೆಕ್ಟ್‌ಪ್ಲೇಯಲ್ಲಿ ಆಟ ಹುಡುಕುವ ಕಂಪ್ಯೂಟರ್ 47624ನೇ ಪೋರ್ಟಿಗೆ (ಕಂಪ್ಯೂಟರಿನ ನಂಬರ್ ಹಾಕಿದ ಬಾಗಿಲು ಅಂದುಕೊಳ್ಳಿ) ಕೂಗು ಹಾಕುತ್ತದೆ. ಅದನ್ನು ಕೇಳಿಸಿಕೊಂಡ ಹೋಸ್ಟ್ ಅದೇ ದಾರಿಯಲ್ಲಿ ಉತ್ತರ ಕೊಟ್ಟು ಸುಮ್ಮನಾಗಲ್ಲ, ತಾನೇ ಹೊಸದಾಗಿ ನಿಮ್ಮ ಕಂಪ್ಯೂಟರಿನ 2300ರಿಂದ 2400ರೊಳಗಿನ ಒಂದು ಪೋರ್ಟಿಗೆ ಸಂಪರ್ಕ ಮಾಡುತ್ತದೆ. ನಿಮ್ಮ ಫೈರ್‌ವಾಲಿಗೆ ಇದು ಹೊರಗಿನಿಂದ ಯಾರೋ ಬಾಗಿಲು ತಟ್ಟಿದಂತೆ ಕಾಣುತ್ತದೆ, ಒಳಗೆ ಬಿಡಲ್ಲ. ಅದಕ್ಕೇ ಹೋಸ್ಟ್ ಕಡೆ ಮಾತ್ರ ಅನುಮತಿ ಕೊಟ್ಟರೆ ಸಾಲದು, ಸೇರುವವರ ಕಡೆಯೂ ಬೇಕು. ಅಲೋ ಆನ್ ಆಪ್ ಥ್ರೂ ಫೈರ್‌ವಾಲ್ ಎಂಬಲ್ಲಿಗೆ ಹೋಗಿ ಎರಡು ಫೈಲ್ ಸೇರಿಸಿ. ಒಂದು ಆಟದ್ದು, ಕಾಂಕರರ್ಸ್ ಆದರೆ ಏಜ್2_ಎಕ್ಸ್1.ಎಕ್ಸ್ಇ (age2_x1.exe). ಇನ್ನೊಂದು ವಿಂಡೋಸ್ ಫೋಲ್ಡರಿನ ಸಿಸ್‌ವಾವ್64 (SysWOW64) ಒಳಗಿರುವ ಡಿಪಿಎಲ್‌ಎವೈಎಸ್‌ವಿಆರ್.ಎಕ್ಸ್ಇ (dplaysvr.exe). ಈ ಎರಡನೆಯದನ್ನು ಬಿಟ್ಟು ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಎರಡಕ್ಕೂ ಪ್ರೈವೇಟ್ ಅನ್ನುವ ಕಾಲಂನಲ್ಲಿ ಮಾತ್ರ ಟಿಕ್ ಸಾಕು. ಮನೆಯ ವೈಫೈ ವಿಂಡೋಸ್‌ನಲ್ಲಿ ಪಬ್ಲಿಕ್ ಅಂತ ಗುರುತಾಗಿದ್ದರೆ ಅದನ್ನು ಪ್ರೈವೇಟ್ ಮಾಡಿ, ಇಲ್ಲದಿದ್ದರೆ ಈ ಟಿಕ್‌ಗೆ ಅರ್ಥವೇ ಇಲ್ಲ.

ಪಿಂಗ್ ಮಾಡಿ, ಅಂದರೆ ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದೆಯೇ ಅಂತ ಕರೆದು, ನೋಡುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ ತಾನಾಗಿ ಪಿಂಗ್‌ಗೆ ಉತ್ತರ ಕೊಡದಂತೆ ಫೈರ್‌ವಾಲ್ ತಡೆದಿರಬಹುದು. ಉತ್ತರ ಬರಲಿಲ್ಲ ಅಂದಮಾತ್ರಕ್ಕೆ ನೆಟ್‌ವರ್ಕ್ ಇಲ್ಲ ಅಂತಲ್ಲ. ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿ ಮತ್ತೆ ನೋಡಿ. ಆಗಲೂ ಉತ್ತರ ಇಲ್ಲ, ಆದರೆ ರೂಟರ್‌ಗೆ ಪಿಂಗ್ ಹೋಗುತ್ತದೆ ಅಂದರೆ, ನೀವು ಗೆಸ್ಟ್ ವೈಫೈನಲ್ಲಿ ಇರಬಹುದು ಅಥವಾ ರೂಟರಿನಲ್ಲಿ ಎಪಿ ಐಸೊಲೇಶನ್ ಆನ್ ಆಗಿರಬಹುದು. ಅದು ಇದ್ದರೆ ವೈಫೈನಲ್ಲಿರುವ ಸಾಧನಗಳು ಒಂದಕ್ಕೊಂದು ಮಾತಾಡುವಂತಿಲ್ಲ. ರೂಟರ್ ಸೆಟ್ಟಿಂಗಿಗೆ ಹೋಗಲು ಇಷ್ಟವಿಲ್ಲದಿದ್ದರೆ ಒಂದು ಸಾಧಾರಣ ಸ್ವಿಚ್ ಮತ್ತು ನಾಲ್ಕು ಲ್ಯಾನ್ ಕೇಬಲ್ ತನ್ನಿ. ನನ್ನನ್ನು ಕೇಳಿದರೆ ಕೇಬಲ್ಲೇ ಒಳ್ಳೆಯದು.

ಕೊನೆಗೆ, ನಾಲ್ವರದ್ದೂ ಒಂದೇ ಆವೃತ್ತಿ ಇರಬೇಕು. ಕಾಂಕರರ್ಸ್ ಆದರೆ ಎಲ್ಲರೂ 1.0ಸಿ ಪ್ಯಾಚ್ ಹಾಕಿಕೊಳ್ಳಿ. ಈ ಆಟದಲ್ಲಿ ಸೈನಿಕರು ಎಲ್ಲೆಲ್ಲಿದ್ದಾರೆ ಅನ್ನುವುದು ನೆಟ್‌ವರ್ಕಿನಲ್ಲಿ ಹೋಗುವುದಿಲ್ಲ. ನೀವು ಕೊಟ್ಟ ಆಜ್ಞೆಗಳು ಮಾತ್ರ ಹೋಗುತ್ತವೆ, ಇಡೀ ಯುದ್ಧವನ್ನು ಪ್ರತಿ ಕಂಪ್ಯೂಟರೂ ತನ್ನಷ್ಟಕ್ಕೆ ಲೆಕ್ಕ ಹಾಕುತ್ತದೆ. ಒಂದರ ಲೆಕ್ಕ ಕೂದಲೆಳೆಯಷ್ಟು ಬೇರೆಯಾದರೂ ಔಟ್ ಆಫ್ ಸಿಂಕ್ ಅಂತ ಹೇಳಿ ಆಟ ನಿಂತುಬಿಡುತ್ತದೆ. ಇದೇ ಕಾರಣಕ್ಕೆ ಎಲ್ಲಕ್ಕಿಂತ ನಿಧಾನದ ಲ್ಯಾಪ್‌ಟಾಪ್ ಯಾವುದೋ, ಎಲ್ಲರ ಆಟವೂ ಅದರ ವೇಗಕ್ಕೇ ಇಳಿಯುತ್ತದೆ. 2013ರ ಎಚ್‌ಡಿ, 2019ರ ಡೆಫಿನಿಟಿವ್ ಆವೃತ್ತಿಗಳು ಹಳೆಯದರ ಜೊತೆ ಸೇರಲ್ಲ, ಅದನ್ನು ಪ್ರಯತ್ನಿಸಿ ಸಮಯ ಹಾಳು ಮಾಡಬೇಡಿ.

ಪ್ರಶ್ನೆ (ಹುಬ್ಬಳ್ಳಿ): ರೆಡ್ ಅಲರ್ಟ್ 2 ಹಾಕಿಕೊಂಡಿದ್ದೇವೆ. ಒಬ್ಬನೇ ಆಡಿದರೆ ಚೆನ್ನಾಗಿ ಓಡುತ್ತದೆ. ನೆಟ್‌ವರ್ಕ್ ಒತ್ತಿದರೆ ಆಗುವುದೇ ಇಲ್ಲ. ಐಪಿಎಕ್ಸ್ ಹಾಕಿ ಅಂತ ಯಾರೋ ಹೇಳಿದರು. ವಿಂಡೋಸ್ 10ರಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಉತ್ತರ: ಸಿಗಲ್ಲ, ಯಾಕೆಂದರೆ ಇಲ್ಲ. ಐಪಿಎಕ್ಸ್ ಎನ್ನುವುದು ನೊವೆಲ್ ಕಂಪನಿಯ ನೆಟ್‌ವೇರ್ ಜೊತೆ ಬಂದ ಪ್ರೋಟೊಕಾಲ್, ಅಂದರೆ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಭಾಷೆ. 90ರ ದಶಕದಲ್ಲಿ ಆಫೀಸುಗಳ ಲ್ಯಾನ್ ಅದರಲ್ಲೇ ಓಡುತ್ತಿತ್ತು, ಹಾಗಾಗಿ ಆಟ ಮಾಡುವವರೂ ಅದನ್ನೇ ನಂಬಿದರು. 1993ರ ಡೂಮ್ ಕೂಡ ಲ್ಯಾನ್‌ನಲ್ಲಿ ಐಪಿಎಕ್ಸ್ ಮೇಲೇ ಓಡಿದ್ದು. ಇಂಟರ್ನೆಟ್ ಬೆಳೆದ ಮೇಲೆ ಎಲ್ಲರೂ ಟಿಸಿಪಿ/ಐಪಿಗೆ ಬಂದರು. ಮೈಕ್ರೋಸಾಫ್ಟ್ ವಿಸ್ತಾದಿಂದ ಐಪಿಎಕ್ಸ್ ಅನ್ನು ತೆಗೆದೇಬಿಟ್ಟಿತು. ಹಳೇ ಎಕ್ಸ್‌ಪಿಯ ಫೈಲುಗಳನ್ನು ತಂದು ಹಾಕಿ ಅಂತ ಹೇಳುವ ಸಲಹೆಗಳು ಇವೆ, ಅವುಗಳ ಸಹವಾಸ ಬೇಡ. ಸಿಸ್ಟಮ್ ಕೆಡುತ್ತದೆ ಅಷ್ಟೇ.

ದಾರಿ ಬೇರೆ ಇದೆ. ಐಪಿಎಕ್ಸ್‌ರ‍್ಯಾಪರ್ ಎಂಬ ಉಚಿತ ತಂತ್ರಾಂಶವಿದೆ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಅದರ ಡಿಎಲ್‌ಎಲ್ ಫೈಲುಗಳನ್ನು ಆಟದ ಫೋಲ್ಡರಿಗೆ ಹಾಕಬೇಕು, ವಿಂಡೋಸ್ ಫೋಲ್ಡರಿಗಲ್ಲ. ಆಟ "ಐಪಿಎಕ್ಸ್ ಕೊಡು" ಅಂತ ಕೇಳಿದಾಗ ಇದು ನಡುವೆ ನಿಂತು, ಅದೇ ಸಂದೇಶವನ್ನು ಈಗಿನ ನೆಟ್‌ವರ್ಕಿಗೆ ಗೊತ್ತಿರುವ ಯುಡಿಪಿ ಒಳಗೆ ಇಟ್ಟು ಕಳಿಸುತ್ತದೆ. ಆ ಕಡೆಯೂ ಇದೇ ಇದ್ದರೆ ಬಿಚ್ಚಿ ಕೊಡುತ್ತದೆ. ಆಟಕ್ಕೆ ವ್ಯತ್ಯಾಸವೇ ಗೊತ್ತಾಗಲ್ಲ. ಜೊತೆಗೆ ಬರುವ ಐಪಿಎಕ್ಸ್‌ಕಾನ್ಫಿಗ್ ತೆರೆದು ಪ್ರೈಮರಿ ಅಡಾಪ್ಟರ್ ಎಂಬಲ್ಲಿ ನಿಮ್ಮ ವೈಫೈ ಅಥವಾ ಲ್ಯಾನ್ ಕಾರ್ಡ್ ಆರಿಸಿ. ಫೈರ್‌ವಾಲ್ ಮಾತು ಇಲ್ಲೂ ಅನ್ವಯಿಸುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆವೃತ್ತಿಯ ರ‍್ಯಾಪರ್ ಇರಲಿ. ಫೈಲುಗಳನ್ನು ಅದನ್ನು ಮಾಡಿದವರ ಪುಟದಿಂದಲೇ ಇಳಿಸಿಕೊಳ್ಳಿ, ಡಿಎಲ್‌ಎಲ್ ಒಂದೊಂದೇ ಕೊಡುವ ಸೈಟುಗಳಿಂದ ಬೇಡವೇ ಬೇಡ.

ಮೆನುವಿನಲ್ಲಿ ಪರದೆ ಕಪ್ಪಾದರೆ, ಮೌಸ್ ತೆವಳಿದರೆ ಅದು ನೆಟ್‌ವರ್ಕಿನ ತೊಂದರೆ ಅಲ್ಲ. ಚಿತ್ರ ತೋರಿಸುವ ಹಳೇ ಭಾಗ ಡೈರೆಕ್ಟ್‌ಡ್ರಾದ್ದು. ಅದರ ಬದಲಿಗೆ ಸಿಎನ್‌ಸಿ-ಡಿಡ್ರಾ (cnc-ddraw) ಹಾಕಿ.

ನಿಮ್ಮ ಹತ್ತಿರ ಡಾಸ್ ಕಾಲದ ಆಟಗಳೂ ಇದ್ದರೆ ರ‍್ಯಾಪರ್ ಕೂಡ ಬೇಡ. ಅವನ್ನು ಈಗಿನ ವಿಂಡೋಸ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ಒಳಗೇ ಐಪಿಎಕ್ಸ್ ಇದೆ. ಕಾನ್ಫಿಗ್ ಫೈಲಿನಲ್ಲಿ ಐಪಿಎಕ್ಸ್ ಮುಂದೆ ಟ್ರೂ ಮಾಡಿ, ಒಬ್ಬರು ಐಪಿಎಕ್ಸ್‌ನೆಟ್ ಸ್ಟಾರ್ಟ್‌ಸರ್ವರ್ ಎಂದೂ, ಉಳಿದವರು ಐಪಿಎಕ್ಸ್‌ನೆಟ್ ಕನೆಕ್ಟ್ ಎಂದು ಬರೆದು ಮುಂದೆ ಮೊದಲಿನವರ ಐಪಿಯನ್ನೂ ಕೊಡಿ. ಯುಡಿಪಿ 213 ತೆರೆದಿರಲಿ.

ಪ್ರಶ್ನೆ (ಮಂಗಳೂರು): ಹಾಸ್ಟೆಲಿನಲ್ಲಿ ಕೌಂಟರ್-ಸ್ಟ್ರೈಕ್ 1.6. ಸರ್ವರ್ ಮಾಡಿದರೆ ಕೆಲವರಿಗೆ ಲ್ಯಾನ್ ಪಟ್ಟಿಯಲ್ಲಿ ಕಾಣಲ್ಲ, ಕಂಡವರಲ್ಲೂ ಇಬ್ಬರಿಗೆ ಪ್ರೋಟೊಕಾಲ್ ಬೇರೆ ಅಂತ ಬರುತ್ತದೆ.

ಉತ್ತರ: ಕಾಣದವರು ಪಟ್ಟಿಯನ್ನು ಮರೆತುಬಿಡಿ. ಕನ್ಸೋಲ್ (ಆಟದೊಳಗೆ ಆಜ್ಞೆ ಟೈಪ್ ಮಾಡುವ ಜಾಗ) ತೆರೆದು ಕನೆಕ್ಟ್ (connect) ಅಂತ ಬರೆದು, ಜಾಗ ಬಿಟ್ಟು, ಸರ್ವರಿನ ಐಪಿ ಕೊಡಿ. ಪೋರ್ಟ್ 27015. ಹೀಗೆ ನೇರ ವಿಳಾಸ ಕೊಟ್ಟು ಸೇರಬಹುದಾದ ಆಟಗಳಿಗೆ ಬ್ರಾಡ್‌ಕಾಸ್ಟಿನ ರಗಳೆ ಇಲ್ಲ. ಪ್ರೋಟೊಕಾಲ್ 47, 48 ಅಂತ ಬರುತ್ತಿದ್ದರೆ ಕೆಲವರ ಹತ್ತಿರ ಹಳೇ ಪ್ರತಿ ಇದೆ ಎಂದರ್ಥ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋದ ಪ್ರತಿಗಳ ಪಾಡು ಇದೇ. ಆಟ ಮಾರುವ ಸ್ಟೀಮ್‌ ತಾಣದಲ್ಲಿ ಇದು ದುಬಾರಿ ಏನಲ್ಲ, ಎಲ್ಲರೂ ಅಲ್ಲಿಂದಲೇ ತೆಗೆದುಕೊಂಡರೆ ಈ ಜಗಳ ಇರಲ್ಲ.

ಪ್ರಶ್ನೆ (ಮೈಸೂರು): 2000ರ ಸುಮಾರಿಗೆ ಅಪ್ಪ ಕೊಡಿಸಿದ ಅಸಲಿ ಸಿಡಿಗಳು ಜೋಪಾನವಾಗಿವೆ. ಹೊರಗಿನ ಡ್ರೈವ್ ಕೂಡ ಕೊಂಡೆ. ಕೆಲವು ಆಟ ಇನ್‌ಸ್ಟಾಲೇ ಆಗಲ್ಲ, ಕೆಲವು ಇನ್‌ಸ್ಟಾಲ್ ಆದರೂ ತೆರೆಯಲ್ಲ. ಸಿಡಿ ಹಾಳಾಗಿದೆಯಾ?

ಉತ್ತರ: ಸಿಡಿಯಲ್ಲಿ ಗೀರು ಇಲ್ಲದಿದ್ದರೆ ಹಾಳಾಗಿರಲಿಕ್ಕಿಲ್ಲ. ಇನ್‌ಸ್ಟಾಲ್ ಆಗದಿರುವುದಕ್ಕೆ ಕಾರಣ ಬಹುಶಃ ಆ ಇನ್‌ಸ್ಟಾಲರ್ 16 ಬಿಟ್‌ನದು. ಒಳಗಿನ ಆಟ 32 ಬಿಟ್ ಇದ್ದರೂ ಹೊರಗಿನ ಇನ್‌ಸ್ಟಾಲರ್ ಮಾತ್ರ ವಿಂಡೋಸ್ 3.1 ಕಾಲದ್ದಾಗಿರುತ್ತಿತ್ತು. 64 ಬಿಟ್ ವಿಂಡೋಸ್ ಅದನ್ನು ಓಡಿಸಲ್ಲ.

ಇನ್‌ಸ್ಟಾಲ್ ಆಗಿಯೂ ತೆರೆಯದವುಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ವ್ಯವಸ್ಥೆ ಇರಬಹುದು. ಅದು ಎಸ್‌ಇಸಿಡಿಆರ್‌ವಿ.ಎಸ್‌ವೈಎಸ್ ಎಂಬ ಡ್ರೈವರ್ ಮೂಲಕ ವಿಂಡೋಸ್‌ನ ಒಳಗಿನವರೆಗೂ ಹೋಗಿ ಸಿಡಿ ಅಸಲಿಯೇ ಅಂತ ನೋಡುತ್ತಿತ್ತು. ಆ ಡ್ರೈವರಿನಲ್ಲಿ ಭದ್ರತೆಯ ತೂತುಗಳಿದ್ದವು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು, ಅದೇ ವರ್ಷ ಒಂದು ಅಪ್‌ಡೇಟ್ ಕಳಿಸಿ ಹಳೇ ವಿಂಡೋಸ್‌ಗಳಲ್ಲೂ ನಿಲ್ಲಿಸಿತು. ನಿರ್ಧಾರ ಸರಿಯೇ. ಆದರೆ ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಆಡಲಾಗದ ಸಿಡಿ ಉಳಿಯಿತು, ಇದು ನನಗೆ ಇವತ್ತಿಗೂ ಬೇಸರದ ವಿಷಯ. ಕ್ರ್ಯಾಕ್ ಹುಡುಕಿಕೊಂಡು ಹೋಗಬೇಡಿ, ಅವುಗಳ ಜೊತೆ ವೈರಸ್ ಬರುವ ಸಾಧ್ಯತೆ ಜಾಸ್ತಿ. ಅದೇ ಆಟ ಹಳೇ ಆಟಗಳನ್ನು ಮಾರುವ ಜಿಒಜಿ (GOG) ತಾಣದಲ್ಲಿ ಇದೆಯಾ ನೋಡಿ. ಅಲ್ಲಿ ನಕಲು ತಡೆ ತೆಗೆದು, ಹೊಸ ವಿಂಡೋಸ್‌ಗೆ ಹೊಂದುವಂತೆ ಮಾಡಿ ಮಾರುತ್ತಾರೆ.

ಆಟವನ್ನು ಓಡಿಸುವ ಎಂಜಿನ್ನಿನ ಕೋಡ್ ಬಿಡುಗಡೆಯಾದ ಆಟಗಳಾದರೆ ನಿಮ್ಮ ಸಿಡಿಯೇ ಮತ್ತೆ ಉಪಯೋಗಕ್ಕೆ ಬರುತ್ತದೆ. ಕ್ವೇಕ್ 3 ಕೋಡ್ 2005ರಲ್ಲಿ ಹೊರಬಂತು, ಅದರಿಂದ ಐಒಕ್ವೇಕ್3 ಹುಟ್ಟಿತು. ಸಿಡಿಯೊಳಗಿನ ಪಿಎಕೆ0.ಪಿಕೆ3 ಫೈಲನ್ನು, 1.32 ಪ್ಯಾಚಿನ ಫೈಲುಗಳ ಜೊತೆ, ಅದರ ಬೇಸ್‌ಕ್ಯೂ3 (baseq3) ಫೋಲ್ಡರಿಗೆ ಹಾಕಿದರೆ ಆಟ ಓಡುತ್ತದೆ, ಲಿನಕ್ಸ್‌ನಲ್ಲೂ. ಲ್ಯಾನ್‌ಗೆ ಪೋರ್ಟ್ 27960.

ಪ್ರಶ್ನೆ (ಮೆಲ್ಬರ್ನ್): ನಾನು ಇಲ್ಲಿ, ತಮ್ಮ ತುಮಕೂರಿನಲ್ಲಿ. ಲ್ಯಾನ್ ಮಾತ್ರ ಇರುವ ಹಳೇ ಆಟವನ್ನು ಇಬ್ಬರೂ ಆಡಬಹುದಾ? ಅವನ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬರುವ ಸಂಪರ್ಕಕ್ಕೆ ಬಾಗಿಲು ತೆರೆದರೂ) ಆಗಲಿಲ್ಲ.

ಉತ್ತರ: ಆಡಬಹುದು. ಪೋರ್ಟ್ ಫಾರ್ವರ್ಡ್ ದಾರಿ ಬಿಟ್ಟುಬಿಡಿ. ನಮ್ಮಲ್ಲಿ ಬಹಳಷ್ಟು ಬ್ರಾಡ್‌ಬ್ಯಾಂಡ್‌ಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರಗಿನ ಐಪಿ ಇರುತ್ತದೆ, ಹಾಗಾಗಿ ನಿಮ್ಮ ತಮ್ಮ ತನ್ನ ರೂಟರಿನಲ್ಲಿ ಏನು ತೆರೆದರೂ ಅದರಾಚೆ ಕಂಪನಿಯ ಕಡೆ ಮುಚ್ಚೇ ಇರುತ್ತದೆ. ತೆರೆದುಕೊಂಡರೂ ನಾನು ಬೇಡ ಅನ್ನುತ್ತೇನೆ. ಈ ಆಟಗಳಿಗೆ ಭದ್ರತೆಯ ಅಪ್‌ಡೇಟ್ ನಿಂತು ಎಷ್ಟೋ ಕಾಲವಾಯಿತು, ಅವನ್ನು ನೇರವಾಗಿ ಇಂಟರ್ನೆಟ್ಟಿಗೆ ಒಡ್ಡಬಾರದು.

ಇಬ್ಬರೂ ಝೀರೊಟಿಯರ್ ಅಥವಾ ರಾಡ್ಮಿನ್ ವಿಪಿಎನ್ ಹಾಕಿಕೊಂಡು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿ. ಇವು ಬ್ರಾಡ್‌ಕಾಸ್ಟ್ ಕೂಗನ್ನೂ ಆ ಕಡೆಗೆ ದಾಟಿಸುತ್ತವೆ, ಆಟಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಂತೆಯೇ ಕಾಣುತ್ತದೆ. ಇಂಥದ್ದೇ ಇನ್ನೊಂದು ತಂತ್ರಾಂಶ ಟೇಲ್‌ಸ್ಕೇಲ್ ನನಗೆ ಬಹಳ ಇಷ್ಟ, ಆದರೆ ಅದು ಬ್ರಾಡ್‌ಕಾಸ್ಟ್ ಸಾಗಿಸಲ್ಲ, ಐಪಿ ಕೊಟ್ಟು ಸೇರುವ ಆಟಗಳಿಗೆ ಮಾತ್ರ ಆಗುತ್ತದೆ. ದಾವಣಗೆರೆಯವರಿಗೆ ಹೇಳಿದ ಮೆಟ್ರಿಕ್ ನಿಮಗೂ ಬೇಕು, ಆದರೆ ತಿರುವುಮುರುವು. ನೀವು 1 ಕೊಡಬೇಕಾದದ್ದು ವೈಫೈಗಲ್ಲ, ವಿಪಿಎನ್ ಅಡಾಪ್ಟರಿಗೆ. ವಿಂಡೋಸ್ ಆ ಹೊಸ ನೆಟ್‌ವರ್ಕನ್ನು ಪಬ್ಲಿಕ್ ಅಂತ ಗುರುತು ಮಾಡಿರಬಹುದು, ಅದನ್ನೂ ಪ್ರೈವೇಟ್ ಮಾಡಿ.

ಯಾವ ಆಟ ಅಂತ ನೀವು ಬರೆದಿಲ್ಲ. ಏಜ್ ಆಫ್ ಎಂಪೈರ್ಸ್ ಥರದ್ದಾದರೆ ಧೈರ್ಯವಾಗಿ ಶುರು ಮಾಡಿ. ಅದನ್ನು 28.8 ಕೆಬಿಪಿಎಸ್ ಮೋಡೆಮ್ ಇಟ್ಟುಕೊಂಡವರಿಗೂ ಓಡಲಿ ಅಂತಲೇ ಮಾಡಿದ್ದು, ಆಜ್ಞೆ ಕೊಟ್ಟ ಸ್ವಲ್ಪ ಹೊತ್ತಿನ ನಂತರವೇ ಅದು ಎಲ್ಲ ಕಂಪ್ಯೂಟರಿನಲ್ಲೂ ಒಟ್ಟಿಗೆ ನಡೆಯುತ್ತದೆ, ಆದ್ದರಿಂದ ದೂರ ಅಷ್ಟಾಗಿ ಕಾಡಲ್ಲ. ಕೌಂಟರ್-ಸ್ಟ್ರೈಕ್ ಥರ ಗುಂಡು ಹಾರಿಸುವ ಆಟವಾದರೆ ಸರ್ವರ್ ಯಾರ ಮನೆಯಲ್ಲಿದೆಯೋ ಅವರಿಗೇ ಅನುಕೂಲ. ಅಲ್ಲಿ ಒಂದು ಸಲ ನೀವು, ಒಂದು ಸಲ ತಮ್ಮ ಹೋಸ್ಟ್ ಮಾಡಿ.