ಒದ್ದೆಯಾಗುವ ಹಾಸಿಗೆ, ಬೈಸಿಕೊಳ್ಳುವ ಮಗು: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಎಂಟು ವರ್ಷದ ಮಗನನ್ನು ಕರೆತಂದ ದಂಪತಿಯ ದೂರು ಇಷ್ಟೇ: ಹುಡುಗ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಹಾಸಿಗೆಯಲ್ಲಿ ಮೂತ್ರ ಮಾಡುತ್ತಾನೆ, ಎಷ್ಟು ಹೇಳಿದರೂ ತಿದ್ದಿಕೊಳ್ಳುತ್ತಿಲ್ಲ. ಇದು ಸೋಮಾರಿತನವೆಂಬುದು ತಂದೆಯ ತೀರ್ಮಾನ. ಹಾಗಾಗಿ ಸಂಜೆಯ ನಂತರ ನೀರು ಬಂದ್ ಆಗಿತ್ತು, ಒದ್ದೆಯಾದ ಬಟ್ಟೆಯನ್ನು ಹುಡುಗನೇ ಒಗೆಯಬೇಕಿತ್ತು, ನೆಂಟರೆದುರು ಇದೇ ಮಾತನ್ನೆತ್ತಿ ಹಂಗಿಸುವುದೂ ನಡೆದಿತ್ತು. ತಾಯಿ ನಡುರಾತ್ರಿ ಎದ್ದು, ಅರೆನಿದ್ದೆಯಲ್ಲಿದ್ದ ಮಗನನ್ನು ಶೌಚಾಲಯಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಆದರೂ ಬೆಳಗಿನ ಹೊತ್ತಿಗೆ ಹಾಸಿಗೆ ಒದ್ದೆಯೇ. ಗೆಳೆಯರ ಜೊತೆ ರಾತ್ರಿ ತಂಗುವ ಯಾವ ಅವಕಾಶ ಬಂದರೂ ಹುಡುಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳುವುದು, ಮಗು ಎಂದಾದರೂ ಸತತ ಆರು ತಿಂಗಳು ಒದ್ದೆ ಮಾಡದೆ ಇತ್ತೇ ಎಂದು. ಇದ್ದು, ಆಮೇಲೆ ಶುರುವಾಗಿದ್ದರೆ ಮನೆಯಲ್ಲಿ ಹೊಸ ಮಗು, ಶಾಲೆಯ ಬದಲಾವಣೆ, ಜಗಳ, ಅಗಲಿಕೆ ಇವುಗಳನ್ನು ವಿಚಾರಿಸಬೇಕಾಗುತ್ತದೆ. ಮೂತ್ರದ ಸೋಂಕು ಅಥವಾ ಮಧುಮೇಹ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಲೂ ಬೇಕಾಗುತ್ತದೆ. ಈ ಹುಡುಗನ ಹಾಸಿಗೆ ಹುಟ್ಟಿದಾಗಿನಿಂದ ಅಷ್ಟು ಕಾಲ ಒಣಗಿದ್ದದ್ದೇ ಇಲ್ಲ. ಅಂದರೆ ಇಲ್ಲಿ ಮಾನಸಿಕ ಆಘಾತವನ್ನು ಹುಡುಕುವ ಅಗತ್ಯ ಕಡಿಮೆ. ಇವನ ಅಂಜಿಕೆ ಮತ್ತು ಸುಳ್ಳು ನೆಪಗಳು ಬಹುಮಟ್ಟಿಗೆ ಒದ್ದೆಯ ಪರಿಣಾಮಗಳು, ಕಾರಣಗಳಲ್ಲ ಎಂದು ನನಗನ್ನಿಸಿತು.

ಮಾತು ನಡೆಯುತ್ತಿದ್ದಾಗ ಹುಡುಗ ಎರಡು ಸಲ ಕುರ್ಚಿಯಿಂದಿಳಿದು, ಬೂಟಿನ ದಾರ ಕಟ್ಟುವವನಂತೆ ಕುಕ್ಕರಗಾಲಿನಲ್ಲಿ ಕೂತು, ಹಿಮ್ಮಡಿಯನ್ನು ತೊಡೆಸಂದಿಗೆ ಒತ್ತಿ ಹಿಡಿದ. ದಾರ ಬಿಚ್ಚಿರಲಿಲ್ಲ. ಮೂತ್ರವನ್ನು ತಡೆದುಕೊಳ್ಳುವ ಮಕ್ಕಳು ಹೀಗೆಯೇ ಮಾಡುತ್ತಾರೆ. ಶಾಲೆಯ ಶೌಚಾಲಯ ಗಲೀಜೆಂದು ಅವನು ದಿನವಿಡೀ ಹೋಗುತ್ತಲೇ ಇರಲಿಲ್ಲ. ಮಲವಿಸರ್ಜನೆಯೂ ಮೂರು ನಾಲ್ಕು ದಿನಕ್ಕೊಮ್ಮೆ, ಅದೂ ಗಟ್ಟಿಯಾಗಿ. ಪೋಷಕರಿಗೆ ಇದಕ್ಕೂ ಹಾಸಿಗೆಗೂ ನಂಟು ಕಂಡಿರಲಿಲ್ಲ. ಆದರೆ ಮಲ ತುಂಬಿ ಹಿಗ್ಗಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಆಗ ಅದರಲ್ಲಿ ಹಿಡಿಯುವುದೂ ಕಡಿಮೆಯಾಗುತ್ತದೆ, ಅದು ಅಕಾಲದಲ್ಲಿ ಸಂಕೋಚಗೊಳ್ಳುವುದೂ ಹೆಚ್ಚುತ್ತದೆ.

ಉಳಿದ ಕಾರಣಗಳನ್ನೂ ಅವರಿಗೆ ವಿವರಿಸಿದೆ. ರಾತ್ರಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ವಾಸೊಪ್ರೆಸಿನ್ ಎಂಬ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟು ಏರುವುದಿಲ್ಲ. ಮೂತ್ರಕೋಶ ತುಂಬಿದ ಸೂಚನೆ ಮಿದುಳಿಗೆ ತಲುಪಿದರೂ ಎಚ್ಚರವಾಗುವುದಿಲ್ಲ. ಐದು ವರ್ಷದ ಮಕ್ಕಳಲ್ಲಿ ಸುಮಾರು ಶೇ. 15ರಷ್ಟು ಮಂದಿ ಹಾಸಿಗೆ ಒದ್ದೆ ಮಾಡುತ್ತಾರೆ, ಆ ಬಳಿಕ ವರ್ಷಕ್ಕೆ ಸುಮಾರು ಶೇ. 15ರಷ್ಟು ಮಂದಿಗೆ ತಾನಾಗಿಯೇ ವಾಸಿಯಾಗುತ್ತದೆ. ಐದು ತುಂಬುವ ಮುಂಚೆ ಇದನ್ನು ತೊಂದರೆಯೆಂದೇ ಪರಿಗಣಿಸುವುದಿಲ್ಲ. ಇದು ಅನುವಂಶಿಕವೂ ಹೌದು: ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಶೇ. 44, ಇಬ್ಬರಿಗೂ ಇದ್ದರೆ ಶೇ. 77. ಈ ಮಾತಿಗೆ ತಂದೆ ಬಹಳ ಹೊತ್ತು ಸುಮ್ಮನಿದ್ದು, ತಮಗೂ ಹತ್ತು ವರ್ಷದವರೆಗೆ ಹೀಗಾಗುತ್ತಿತ್ತು, ಏಟು ತಿಂದೇ ಬಿಟ್ಟುಹೋಯಿತು ಎಂದರು. ಏಟಿನಿಂದಲ್ಲ, ವಯಸ್ಸಿನಿಂದ ಹೋಗಿರಬೇಕು ಎಂದೆ. ಅದನ್ನು ಮಗನಿಗೆ ನೀವೇ ಹೇಳಿ ಎಂಬುದು ನಾನು ಅವರಿಗೆ ಕೊಟ್ಟ ಮೊದಲ ಸಲಹೆ.

ಎರಡನೆಯದು ಮಕ್ಕಳ ವೈದ್ಯರ ಭೇಟಿ. ಮೂತ್ರಪರೀಕ್ಷೆಯಲ್ಲಿ ಸೋಂಕಾಗಲಿ ಸಕ್ಕರೆಯಾಗಲಿ ಕಾಣಲಿಲ್ಲ, ಬೆನ್ನುಹುರಿಯ ದೋಷದ ಲಕ್ಷಣಗಳೂ ಇರಲಿಲ್ಲ. ಮಲಬದ್ಧತೆಗೆ ಔಷಧಿ ಶುರುವಾಯಿತು. ಊಟದ ನಂತರ ಪಾದಗಳಿಗೆ ಆಸರೆ ಸಿಗುವಂತೆ ಹತ್ತು ನಿಮಿಷ ಶೌಚಕ್ಕೆ ಕೂರುವುದು, ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವುದು, ನೀರಿನ ಬಹುಪಾಲನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನವೇ ಕುಡಿಯುವುದು, ಮಲಗುವ ಮುನ್ನ ಮತ್ತೊಮ್ಮೆ ಹೋಗಿಬರುವುದು ಅವನ ದಿನಚರಿಯಾಯಿತು. ನೀರನ್ನು ಪೂರ್ತಿ ನಿಲ್ಲಿಸುವುದು ಬೇಡವೆಂದೆ, ಏಕೆಂದರೆ ಅದು ಮಲಬದ್ಧತೆಯನ್ನೇ ಹೆಚ್ಚಿಸುತ್ತದೆ. ಶಾಲೆಯಲ್ಲಿ ಕೇಳಿದಾಗ ಹೊರಗೆ ಬಿಡುವಂತೆ ಶಿಕ್ಷಕಿಗೆ ಖಾಸಗಿಯಾಗಿ ತಿಳಿಸಲಾಯಿತು. ಮೆಚ್ಚುಗೆಯ ನಕ್ಷತ್ರ ಅಂಟಿಸುವುದಾದರೆ ಈ ಕೆಲಸಗಳಿಗೆ ಮಾತ್ರ ಅಂಟಿಸಿ, ಒಣ ಹಾಸಿಗೆಗೆ ಬೇಡ ಎಂದೂ ಹೇಳಿದೆ. ನಿದ್ದೆಯಲ್ಲಿ ಆಗುವುದಕ್ಕೆ ಬಹುಮಾನವೂ ದಂಡದಷ್ಟೇ ಅಸಂಗತ. ಬಟ್ಟೆ ಬದಲಿಸಲು ಅವನು ಕೈಜೋಡಿಸಬಹುದು, ಆದರೆ ಶಿಕ್ಷೆಯಾಗಿ ಅಲ್ಲ.

ಕೆಲವು ವಾರಗಳಲ್ಲಿ ವಾರಕ್ಕೆ ಎರಡು ಮೂರು ಒಣ ರಾತ್ರಿಗಳು ಬಂದವು. ಉಳಿದುದಕ್ಕೆ ಅಲಾರಂ ಸೂಚಿಸಿದೆ. ಒಳಉಡುಪಿಗೆ ಸಿಕ್ಕಿಸುವ ಸಂವೇದಕ ಮೊದಲ ಹನಿಗೇ ಸದ್ದು ಮಾಡುತ್ತದೆ. ಸರಿಯಾಗಿ ಬಳಸಿದರೆ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಗುಣ ಕಾಣುತ್ತದೆ. ಆದರೆ ತಾಳ್ಮೆ ಬೇಕು. ಮೊದಮೊದಲು ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ, ಹುಡುಗನೊಬ್ಬ ಮಾತ್ರ ನಿದ್ದೆಯಲ್ಲೇ ಇರುತ್ತಾನೆ! ಅವನನ್ನು ಪೂರ್ತಿ ಎಚ್ಚರಿಸಿ, ತಾನೇ ಸದ್ದು ನಿಲ್ಲಿಸಿ ಶೌಚಾಲಯಕ್ಕೆ ನಡೆಯುವಂತೆ ಮಾಡಬೇಕು. ತಾಯಿ ಎತ್ತಿಕೊಂಡು ಹೋಗುತ್ತಿದ್ದುದು ಫಲಿಸದಿದ್ದದ್ದು ಈ ಎಚ್ಚರ ಅಲ್ಲಿ ಇಲ್ಲದ್ದರಿಂದಲೇ. ಸತತ ಹದಿನಾಲ್ಕು ಒಣ ರಾತ್ರಿಗಳು ಸಿಗುವವರೆಗೆ, ಸಾಮಾನ್ಯವಾಗಿ ಎರಡು ಮೂರು ತಿಂಗಳು, ಅಲಾರಂ ಬಳಸಬೇಕಾಗುತ್ತದೆ.

ಶಾಲಾ ಪ್ರವಾಸದ ರಾತ್ರಿಗಳಿಗೆಂದು ವೈದ್ಯರು ಡೆಸ್ಮೊಪ್ರೆಸಿನ್ ಮಾತ್ರೆ ಬರೆದುಕೊಟ್ಟರು. ಇದು ರಾತ್ರಿಯ ಮೂತ್ರವನ್ನು ಕಡಿಮೆ ಮಾಡುತ್ತದೆ, ಆದರೆ ನಿಲ್ಲಿಸಿದರೆ ಹೆಚ್ಚಿನವರಿಗೆ ತೊಂದರೆ ಮರಳುತ್ತದೆ. ಮಾತ್ರೆ ನುಂಗುವ ಒಂದು ಗಂಟೆ ಮುಂಚಿನಿಂದ, ನುಂಗಿ ಎಂಟು ಗಂಟೆ ಕಳೆಯುವ ತನಕ ನೀರು ಬಹಳ ಮಿತವಾಗಿರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಕುಸಿಯಬಹುದು. ವೈದ್ಯರನ್ನು ಕೇಳದೆ ಕೊಡತಕ್ಕದ್ದಲ್ಲ. ಹುಡುಗ ಪ್ರವಾಸಕ್ಕೆ ಹೋಗಿಬಂದ.

ಅಲಾರಂ ತೆಗೆದ ಮೇಲೆ ಹಾಸಿಗೆ ಕೆಲವು ರಾತ್ರಿ ಮತ್ತೆ ಒದ್ದೆಯಾದಾಗ ತಾಯಿ ಗಾಬರಿಯಿಂದ ಕರೆ ಮಾಡಿದ್ದರು. ಹೀಗೆ ಮರುಕಳಿಸುವುದು ಅಪರೂಪವಲ್ಲ, ಅಲಾರಂ ಮತ್ತೆ ಹಾಕಿ, ಅದಕ್ಕಿಂತ ಮೊದಲು ಮಲಬದ್ಧತೆ ಮರಳಿದೆಯೇ ನೋಡಿ ಎಂದೆ. ಅದು ಮರಳಿತ್ತು.